ಇಮೇಜ್‌ಗೆ ‘ಅಚ್ಚು’ ಸರಿ, ಕಂಟೇನರ್‌ಗೆ ಏನು?

ಗೆಳೆಯರೇ,

ಹುಬ್ಬಳ್ಳಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಭಾನುವಾರ ಗದಗ, ಹಾವೇರಿ ಕಡೆಯ ನಾಲ್ಕೈದು ಹುಡುಗರಿಗೆ ಡಾಕರ್ (ಪ್ರೋಗ್ರಾಂಗಳನ್ನು ಕಟ್ಟಿ ಬೇರೆ ಬೇರೆ ಕಂಪ್ಯೂಟರಿನಲ್ಲಿ ಓಡಿಸುವ ಸಾಧನ) ಹೇಳಿಕೊಡುತ್ತೇನೆ. ಕಂಟೇನರ್, ಇಮೇಜ್ ಅನ್ನೋ ಮಾತುಗಳನ್ನು ಅವರು ಹಾಗೇ ಆಡುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎರಡರ ವ್ಯತ್ಯಾಸ ಕೇಳಿದರೆ ತಡವರಿಸುತ್ತಾರೆ. ಇಮೇಜ್ ಅಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿಸಿ ಕಟ್ಟಿಟ್ಟದ್ದು, ಕಂಟೇನರ್ ಅಂದರೆ ಅದರಿಂದ ಎಬ್ಬಿಸಿ ಓಡಿಸುವಂಥದ್ದು. ಇಮೇಜ್ ಅಂದ ಕೂಡಲೇ ಫೋಟೋ ನೆನಪಾಗುತ್ತದೆ, ಅಲ್ವಾ?

ಮೊದಲು ನಾನು ಕಂಟೇನರ್‌ಗೆ ‘ಬುತ್ತಿ’ ಅಂದೆ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಲ್ಲ ಒಂದೇ ಗಂಟಿನಲ್ಲಿ. ಹೊಲದಲ್ಲಿ ಬಿಚ್ಚಿದರೂ ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚಿದರೂ ಊಟ ಅದೇ. ಪ್ರೋಗ್ರಾಂ ಕೂಡ ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ (ಮೊದಲೇ ಬರೆದಿಟ್ಟ ಕೋಡ್) ಕಟ್ಟಿಕೊಂಡೇ ಹೋಗುತ್ತದಲ್ಲ. ಹುಡುಗರಿಗೆ ಜಾಸ್ತಿ ಇಷ್ಟವಾಯಿತು.

ಹೋದ ವಾರ ಅವರಲ್ಲೊಬ್ಬ ಓಡುತ್ತಿದ್ದ ಕಂಟೇನರ್ ಒಳಗೆ ಹೋಗಿ ಒಂದು ಫೈಲ್ ತಿದ್ದಿದ. ಆಮೇಲೆ ಆ ಕಂಟೇನರನ್ನು ಅಳಿಸಿ, ಅದೇ ಇಮೇಜಿನಿಂದ ಇನ್ನೊಂದನ್ನು ಎಬ್ಬಿಸಿ, “ಸರ್, ನಾ ತಿದ್ದಿದ್ದು ಎಲ್ಲಿ ಹೋತ್ರಿ?” ಅಂದ. ಆಗ ನನಗೆ ಹೊಳೆಯಿತು, ಕಟ್ಟಿಟ್ಟ ಬುತ್ತಿ ಕಂಟೇನರ್ ಅಲ್ಲ, ಅದು ಇಮೇಜಿಗೇ ಹತ್ತಿರ. ಅದೂ ಪೂರ್ತಿ ಅಲ್ಲ. ಬುತ್ತಿ ಉಂಡರೆ ಮುಗಿಯಿತು, ಇಮೇಜ್‌ನಿಂದ ಎಷ್ಟು ಕಂಟೇನರ್ ತೆಗೆದರೂ ಅದು ಹಾಗೇ ಇರುತ್ತದೆ.

ಅದಕ್ಕೇ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ನೆನಪಾಯಿತು. ಕಟ್ಟಿಗೆಯ ಅಚ್ಚು ಒಂದೇ, ಅದರಲ್ಲಿ ಪಾಕ ಹೊಯ್ದು ತೆಗೆದ ಗೊಂಬೆಗಳು ಹತ್ತಾರು. ಒಂದು ಗೊಂಬೆಗೆ ಬಣ್ಣ ಹಚ್ಚಿದರೆ ಮುಂದಿನ ಗೊಂಬೆ ಬಣ್ಣದೊಂದಿಗೆ ಹೊರಬರುವುದಿಲ್ಲ. ಡಾಕರಿನಲ್ಲೂ ಹಾಗೇ, ಇಮೇಜಿನ ಪದರಗಳನ್ನು ಓದಬಹುದು, ಬರೆಯುವಂತಿಲ್ಲ. ಓಡುವಾಗ ಅವುಗಳ ಮೇಲೆ ಬರೆಯಬಹುದಾದ ಒಂದು ತೆಳು ಪದರ ಬರುತ್ತದೆ, ಕಂಟೇನರ್ ಅಳಿಸಿದರೆ ಅದೂ ಹೋಯಿತು. ಉಳಿಯಬೇಕಾದ್ದನ್ನು ವಾಲ್ಯೂಮ್‌ನಲ್ಲಿ, ಅಂದರೆ ಕಂಟೇನರಿನ ಹೊರಗಿನ ಸಂಗ್ರಹದಲ್ಲಿ, ಇಡಬೇಕು. ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನೋಡಿಕೊಳ್ಳುವ ಕುಬರ್ನೆಟಿಸ್‌ನಲ್ಲಂತೂ ಒಂದು ಕಂಟೇನರ್ ಸತ್ತರೆ ಅದೇ ಇಮೇಜಿನಿಂದ ಇನ್ನೊಂದು ತಾನಾಗೇ ಏಳುತ್ತದೆ, ಇದು ಗೊತ್ತಿಲ್ಲದವರು ಡೇಟಾ ಕಳೆದುಕೊಳ್ಳುತ್ತಾರೆ. ಹಾಗಾಗಿ ಇಮೇಜ್‌ಗೆ ‘ಅಚ್ಚು’ ಅನ್ನುವುದು ನನಗೆ ಗಟ್ಟಿಯಾಗಿದೆ.

ಕಂಟೇನರ್‌ಗೇ ಮಾತು ಸಿಗುತ್ತಿಲ್ಲ. ‘ಧಾರಕ’ ಅಂದರೆ ನಮ್ಮ ಹುಡುಗರು ಸುಮ್ನೆ ಮುಖ ನೋಡುತ್ತಾರೆ. ‘ಡಬ್ಬಿ’ ಸುಲಭ, ಆದರೆ ಅಲ್ಲಿ ಡಬ್ಬಿ ಅನ್ನುವಂಥದ್ದು ಏನೂ ಇಲ್ಲ. ಇರುವುದು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ಮಾಮೂಲಿ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ. ಲಿನಕ್ಸ್‌ನದೇ ಸೌಲಭ್ಯವಾದ ನೇಮ್‌ಸ್ಪೇಸ್ ಅದಕ್ಕೆ ಪಕ್ಕದವರು ಕಾಣದಂತೆ ಮರೆ ಕಟ್ಟುತ್ತದೆ, ಸಿಗ್ರೂಪ್ ಇಷ್ಟೇ ಮೆಮೊರಿ, ಇಷ್ಟೇ ಸಿಪಿಯು ಅಂತ ಅಳೆದು ಕೊಡುತ್ತದೆ. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೊಂದು ನಕಲಿ ಕಂಪ್ಯೂಟರ್) ತನ್ನದೇ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಹೊತ್ತು ತರುತ್ತದೆ, ಕಂಟೇನರ್‌ಗಳು ಇದ್ದ ಒಂದೇ ಕರ್ನಲನ್ನು ಹಂಚಿಕೊಳ್ಳುತ್ತವೆ. ಡಬ್ಬಿ ಅಂದರೆ ಈ ಹಂಚಿಕೊಳ್ಳುವುದೇ ಮರೆತುಹೋಗುತ್ತದೆ.

‘ಎರಕ’ ಅನ್ನಬಹುದೇ? ಅಚ್ಚು, ಎರಕ ಜೋಡಿಯಾಗಿ ಚೆನ್ನಾಗಿ ಕೂರುತ್ತವೆ, ಆದರೆ ಎರಕ ಅಂದರೆ ಕಂಚು, ಹಿತ್ತಾಳೆ ಕಣ್ಣಿಗೆ ಬರುತ್ತದೆ, ಅದು ಅಳಿದುಹೋಗುವ ವಸ್ತು ಅನ್ನಿಸುವುದಿಲ್ಲ. ನಿಮ್ಮ ಮನೆಯಲ್ಲಿ ಸಕ್ಕರೆ ಆರತಿ ಮಾಡುವವರಿದ್ದರೆ ಒಂದು ಮಾತು ಕೇಳಿ ತಿಳಿಸಿ: ಅಚ್ಚಿನಿಂದ ಆಗಷ್ಟೇ ಬಿಡಿಸಿದ ಒಂದು ಬಿಡಿ ಗೊಂಬೆಗೆ ಏನಂತಾರೆ?