ಹುಲಿ ಹೋಗಿ ಹುಳಿಯಾದ ಹೆಸರು: ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹುಲಿಗೆಮ್ಮ, ಗಂಗಾವತಿ ತಾಲ್ಲೂಕು):

ವಕೀಲ ಸಾಹೇಬರಿಗೆ ಶರಣು. ಹುಲಿಗಿಯ ಅಮ್ಮನಿಗೆ ಹರಕೆ ಹೊತ್ತು ಪಡೆದ ಮಗಳೆಂದು ಮನೆಯವರು ನನಗೆ ಹುಲಿಗೆಮ್ಮ ಎಂದು ಹೆಸರಿಟ್ಟರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಇಂಗ್ಲಿಷ್ ಸಾಲಿನಲ್ಲಿ ‘ಜಿ’ ಆದ ಮೇಲೆ ‘ಇ’ ಇರಬೇಕಾದಲ್ಲಿ ‘ಎ’ ಅಚ್ಚಾಗಿ, ಅದು ‘ಹುಲಿಗಮ್ಮ’ ಎಂದು ಓದುವಂತಿದೆ. ಆಧಾರ್‌ನಲ್ಲಿ ಇಂಗ್ಲಿಷ್ ಸರಿಯಿದೆ, ಆದರೆ ಕನ್ನಡದ ಸಾಲು ‘ಹುಳಿಗೇಮ್ಮಾ’ ಎಂದಿದೆ. ಹುಲಿ ಹೋಗಿ ಹುಳಿಯಾಗಿದೆ. ಪ್ಯಾನ್ ಕಾರ್ಡಿನಲ್ಲಿ ನಡುವಿನ ‘ಐ’ ಬಿಟ್ಟುಹೋಗಿ ‘ಹುಲ್ಗೆಮ್ಮ’ ಆಗಿದ್ದೇನೆ. ಈಗ ಒಂದು ಸರ್ಕಾರಿ ನೇಮಕಾತಿಯ ಆಯ್ಕೆಪಟ್ಟಿಗೆ ಬಂದಿದ್ದು, ಮುಂದಿನ ತಿಂಗಳು ದಾಖಲೆ ಪರಿಶೀಲನೆ ಇದೆ. ನೋಟರಿಯವರ ಹತ್ತಿರ ಒಂದು ಅಫಿಡವಿಟ್ ಮಾಡಿಸಿದರೆ ಎಲ್ಲವೂ ಮುಗಿಯಿತು ಎಂದು ಜೆರಾಕ್ಸ್ ಅಂಗಡಿಯವರು ಹೇಳುತ್ತಾರೆ. ಗೆಜೆಟ್ ಮಾಡಿಸದೆ ಗತಿಯಿಲ್ಲ ಎಂದು ಸೋದರಮಾವ ಹೇಳುತ್ತಾರೆ. ಯಾರ ಮಾತು ಕೇಳಲಿ?

ವಕೀಲರ ಉತ್ತರ:

ತಂಗಿ, ಇಬ್ಬರೂ ಬೇರೆ ಯಾರದೋ ಪ್ರಕರಣದ ಔಷಧಿಯನ್ನು ನಿಮಗೆ ಹೇಳುತ್ತಿದ್ದಾರೆ. ಹುಲಿಗೆಮ್ಮ ಆಗಿದ್ದವರು ಇನ್ನು ಮುಂದೆ ಸುಮಾ ಆಗುತ್ತೇನೆ ಎಂದರೆ ಅದು ಹೆಸರಿನ ಬದಲಾವಣೆ. ಪತ್ರಿಕಾ ಪ್ರಕಟಣೆ, ರಾಜ್ಯಪತ್ರ (ಗೆಜೆಟ್) ಎಂಬ ಓಡಾಟವೆಲ್ಲ ಅದಕ್ಕೆ. ನೀವು ಹುಟ್ಟಿದಾಗಿನಿಂದ ಹುಲಿಗೆಮ್ಮನೇ ಆಗಿದ್ದು, ಬರೆದವರ ಕೈ ತಪ್ಪಿದೆ. ನಿಮಗೆ ಬೇಕಿರುವುದು ತಿದ್ದುಪಡಿ. ಇನ್ನು ಅಫಿಡವಿಟ್ ಎಂಬುದು, ಈ ಎಲ್ಲ ಕಾಗುಣಿತಗಳ ಹಿಂದೆ ಇರುವವಳು ನಾನೊಬ್ಬಳೇ ಎಂದು ನೀವು ಪ್ರಮಾಣ ಮಾಡಿ ಹೇಳುವ ಕಾಗದವೇ ಹೊರತು, ಅದರಿಂದ ಅಂಕಪಟ್ಟಿಯ ಒಂದಕ್ಷರವೂ ಬದಲಾಗುವುದಿಲ್ಲ.

ಮೊದಲು ನೀವು ಓದಿದ ಶಾಲೆಗೆ ಹೋಗಿ, ದಾಖಲಾತಿ ವಹಿಯಲ್ಲಿ ನಿಮ್ಮ ಹೆಸರು ಹೇಗಿದೆ ಎಂಬುದನ್ನು ಕಣ್ಣಾರೆ ನೋಡಿ. ಅಲ್ಲಿ ‘ಹುಲಿಗೆಮ್ಮ’ ಎಂದು ಸರಿಯಾಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ: ಆ ಪುಟದ ದೃಢೀಕೃತ ನಕಲನ್ನು ಲಗತ್ತಿಸಿ, ಮುಖ್ಯೋಪಾಧ್ಯಾಯರ ಮೂಲಕ ಶಾಲಾ ಪರೀಕ್ಷಾ ಮಂಡಳಿಗೆ ಅಂಕಪಟ್ಟಿಯ ತಿದ್ದುಪಡಿಗಾಗಿ ಅರ್ಜಿ ಸಲ್ಲಿಸಬೇಕು. ತಿದ್ದಿದ ಅಂಕಪಟ್ಟಿ ಮುಂದಿನ ತಿಂಗಳೊಳಗೆ ಕೈಗೆ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಆದ್ದರಿಂದ ಪರಿಶೀಲನೆಯ ದಿನ ಅರ್ಜಿಯ ಸ್ವೀಕೃತಿ, ವಹಿಯ ನಕಲು ಮತ್ತು ಅಫಿಡವಿಟ್ ಈ ಮೂರನ್ನೂ ಒಟ್ಟಿಗೆ ಹಾಜರುಪಡಿಸಿ; ಅಫಿಡವಿಟ್‌ನ ನಿಜವಾದ ಉಪಯೋಗ ಇರುವುದು ಇಲ್ಲಿ. ಅದರಲ್ಲಿ ಮೂರು ರೂಪಗಳನ್ನೂ, ಯಾವ ದಾಖಲೆಯಲ್ಲಿ ಯಾವುದಿದೆ ಎಂಬುದನ್ನೂ ಅಕ್ಷರ ಅಕ್ಷರ ಬಿಡಿಸಿ ಬರೆಸಿರಬೇಕು. ಸಹಿ ಮಾಡುವ ಮೊದಲು ದಯವಿಟ್ಟು ಓದಿ. ಹೆಸರು ಸರಿಪಡಿಸಲೆಂದೇ ಟೈಪು ಮಾಡಿಸಿದ ಅಫಿಡವಿಟ್‌ನಲ್ಲಿ ನಾಲ್ಕನೆಯ ಕಾಗುಣಿತವೊಂದು ಹುಟ್ಟಿಕೊಂಡಿದ್ದನ್ನು ನಾನು ನನ್ನ ಮೇಜಿನ ಮೇಲೆಯೇ ಕಂಡಿದ್ದೇನೆ. ನಿಮ್ಮ 371ಜೆ ಅರ್ಹತಾ ಪ್ರಮಾಣಪತ್ರದಲ್ಲಿ (ಕಲ್ಯಾಣ ಕರ್ನಾಟಕ ಭಾಗದವರಿಗೆ ಮೀಸಲಾತಿಗಾಗಿ ಕೊಡುವ ಪತ್ರ) ಹೆಸರು ಹೇಗಿದೆ ಎಂಬುದನ್ನು ನೀವು ತಿಳಿಸಿಲ್ಲ. ಅದನ್ನೂ ಇಂದೇ ತೆಗೆದು ನೋಡಿ.

ಪ್ಯಾನ್ ಸುಲಭ. ಆಧಾರ್‌ನ ಇಂಗ್ಲಿಷ್ ಸಾಲು ಸರಿಯಿರುವುದರಿಂದ ಅದನ್ನೇ ಆಧಾರವಾಗಿ ಕೊಟ್ಟು ತಿದ್ದಿಸಿಕೊಳ್ಳಬಹುದು. ಆಧಾರ್‌ನ ಕನ್ನಡ ಸಾಲು ಹೀಗಾಗುವುದಕ್ಕೆ ಕಾರಣ ಸರಳ: ನೋಂದಣಿಯ ಸಮಯದಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ತಂತ್ರಾಂಶ ತಾನೇ ಕನ್ನಡಕ್ಕೆ ಇಳಿಸುತ್ತದೆ, ಎದುರಿಗೆ ಕುಳಿತ ನಾವು ಪರದೆಯನ್ನು ನೋಡದೆ ‘ಸರಿ’ ಎನ್ನುತ್ತೇವೆ. ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ 2 ಬಾರಿ ಮಾತ್ರ ತಿದ್ದಿಸಲು ಅವಕಾಶವಿರುವುದರಿಂದ, ಅಂಕಪಟ್ಟಿ ಮೊದಲು ಸರಿಯಾಗಲಿ, ಆಮೇಲೆ ಅದಕ್ಕೆ ಕೈಹಾಕಿ.

ಪ್ರಶ್ನೆ (ಹುಲಿಗೆಮ್ಮ):

ಧನ್ಯವಾದಗಳು ಸಾಹೇಬರೇ. 371ಜೆ ಪ್ರಮಾಣಪತ್ರದಲ್ಲಿ ಅಂಕಪಟ್ಟಿಯಂತೆಯೇ ‘ಹುಲಿಗಮ್ಮ’ ಎಂದಿದೆ. ಇನ್ನೊಂದು ಮಾತು. ಎರಡು ವರ್ಷ ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿದ್ದಾಗ, ಹೊರರಾಜ್ಯದ ಸಹೋದ್ಯೋಗಿಗಳು ನನ್ನನ್ನು ‘ಹುಲಿಜೆಮ್ಮ’ ಎಂದು ಕರೆಯುತ್ತಿದ್ದರು. ಕೊನೆಗೆ ‘ಜೆಮ್’ ಎಂದೇ ಉಳಿಯಿತು. ಹೇಗೂ ತಿದ್ದಿಸುತ್ತಿದ್ದೇನಲ್ಲ, ‘ಜಿ’ಯ ಪಕ್ಕಕ್ಕೆ ಒಂದು ‘ಎಚ್’ ಸೇರಿಸಿಬಿಡಲೇ? ಇಲ್ಲವೇ ‘ಹುಲಿಗಮ್ಮ’ ಎಂದೇ ಇರಲೆಂದು ಬಿಟ್ಟುಬಿಡಲೇ?

ವಕೀಲರ ಉತ್ತರ:

371ಜೆ ಪ್ರಮಾಣಪತ್ರ ಮತ್ತು ಅಂಕಪಟ್ಟಿ ಸದ್ಯಕ್ಕೆ ಒಂದೇ ರೀತಿ ಇರುವುದು ಪರಿಶೀಲನೆಯ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಅಂಕಪಟ್ಟಿ ತಿದ್ದಿ ಬಂದ ಮೇಲೆ ಅದನ್ನೂ ತಿದ್ದಿಸಿ.

‘ಎಚ್’ ಮಾತ್ರ ಬೇಡ. ಶಾಲೆಯ ವಹಿಯಲ್ಲಿ ಇಲ್ಲದ ಅಕ್ಷರವನ್ನು ಸೇರಿಸಿದ ಕ್ಷಣದಿಂದ ನಿಮ್ಮ ತಿದ್ದುಪಡಿ ಬದಲಾವಣೆಯಾಗಿಬಿಡುತ್ತದೆ, ಮತ್ತು ಆಗ ನಿಮ್ಮ ಮಾವನ ಮಾತೇ ನಿಜವಾಗುತ್ತದೆ. ಅಷ್ಟು ಮಾಡಿದರೂ ಉಚ್ಚಾರಣೆ ಸರಿಹೋಗುವುದು ಅನುಮಾನ. ನಮ್ಮ ಲ ಮತ್ತು ಳ, ನ ಮತ್ತು ಣ, ಎ ಮತ್ತು ಏ ಇವುಗಳ ನಡುವಿನ ಭೇದವನ್ನು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು ಹೊರಲಾರವು. ಪಕ್ಕದ ಬಳ್ಳಾರಿಯನ್ನೇ ನೋಡಿ: 2014ರ ನವೆಂಬರ್ 1ರಂದು ಅದರ ಇಂಗ್ಲಿಷ್ ಬರಹದಲ್ಲಿ ‘ಬಿ’ ಆದ ಮೇಲಿನ ‘ಇ’ಯನ್ನು ‘ಎ’ ಮಾಡಿ, ಕೊನೆಯ ‘ವೈ’ ತೆಗೆದು ‘ಐ’ ಹಾಕಿದರು, ‘ಬೆಲ್ಲರಿ’ ಹೋಗಿ ಬಳ್ಳಾರಿ ಬಂತು, ಆದರೂ ‘ಬಲ್ಲಾರಿ’ ಎನ್ನುವವರ ನಾಲಿಗೆಗೆ ಳಕಾರವನ್ನು ಯಾವ ಅಧಿಸೂಚನೆಯೂ ತಂದುಕೊಡಲಿಲ್ಲ.

ತಪ್ಪಾಗಿ ಕರೆದವರ ಮೇಲೆ ದಾವೆ ಹೂಡಲು ದಾರಿಯಿಲ್ಲ, ಇದ್ದಿದ್ದರೆ ನನ್ನ ಕಕ್ಷಿದಾರರ ಸಂಖ್ಯೆ ಚೆನ್ನಾಗಿಯೇ ಬೆಳೆಯುತ್ತಿತ್ತು. ಮೊದಲ ದಿನವೇ ‘ಇಂಗ್ಲಿಷಿನ ಗೆಟ್ ಎಂಬ ಪದದಲ್ಲಿರುವ ಗೆ’ ಎಂದು ಹೇಳಿಕೊಡಿ; ಆ ಪದದಲ್ಲೂ ‘ಜಿ’ಯ ಮುಂದೆ ‘ಇ’ಯೇ ಇದೆ, ಯಾರೂ ಅದನ್ನು ‘ಜೆಟ್’ ಎಂದು ಓದುವುದಿಲ್ಲ. ‘ಹುಲಿಗಮ್ಮ’ ಎಂದು ಬಿಟ್ಟುಬಿಡುವ ಯೋಚನೆಯನ್ನಂತೂ ಕೈಬಿಡಿ. ಹೆಸರು ವ್ಯಕ್ತಿಯ ಗುರುತಿನ ಭಾಗವೆಂದೂ, ಅದರ ಮೇಲೆ ಆತನಿಗೆ ಅಥವಾ ಆಕೆಗೆ ಹಕ್ಕಿದೆಯೆಂದೂ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಜಿಗ್ಯಾ ಯಾದವ್ ಪ್ರಕರಣದಲ್ಲಿ ಹೇಳಿದೆ. ಅದು ಹುಟ್ಟಿದ್ದೂ ಶಾಲಾ ಪರೀಕ್ಷೆಯ ದಾಖಲೆಯಲ್ಲಿನ ಹೆಸರುಗಳ ತಕರಾರಿನಿಂದಲೇ.

ಪ್ರಶ್ನೆ (ಕುಷ್ಟಗಿ ತಾಲ್ಲೂಕಿನ ಒಬ್ಬರು):

ಸಾಹೇಬರೇ, ನಮ್ಮದು ಅಜ್ಜನ ಹೆಸರಿನ ತೊಡಕು. ಮರಣ ಪ್ರಮಾಣಪತ್ರದಲ್ಲಿ ಹನುಮಪ್ಪ, ಕಂಪ್ಯೂಟರ್ ಪಹಣಿಯಲ್ಲಿ ಹಣಮಪ್ಪ, ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಉರ್ದು ಕಾಗದವನ್ನು ಓದಿಸಿದರೆ ಹನಮಪ್ಪ. ಪೌತಿ ಖಾತೆ ಮಾಡಿಕೊಡಲು, ಅಂದರೆ ತೀರಿಕೊಂಡ ಅಜ್ಜನ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಲು, ಹೆಸರು ತಾಳೆಯಾಗುವುದಿಲ್ಲ ಎನ್ನುತ್ತಿದ್ದಾರೆ.

ವಕೀಲರ ಉತ್ತರ:

ಅಣ್ಣಾ, ಇದು ನಮ್ಮ ಭಾಗದ ಹಳೆಯ ರೋಗ. ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿದ್ದವು. ಆ ಲಿಪಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಕಾಣಿಸುವುದಿಲ್ಲವಾದ್ದರಿಂದ, ‘ನು’ವಿನ ಉಕಾರ ಓದುವವನ ಊಹೆಗೆ ಬಿಟ್ಟದ್ದು. ಹಾಗಾಗಿ ಉರ್ದು ಕಾಗದ ನಿಮ್ಮ ವಿರುದ್ಧದ ಸಾಕ್ಷಿಯಲ್ಲ, ಅದನ್ನು ಹನುಮಪ್ಪ ಎಂದೂ ಓದಬಹುದು. ಆದರೆ ‘ಣ’ ಎಲ್ಲಿಂದ ಬಂತು ಎಂಬುದನ್ನು ಪತ್ತೆ ಮಾಡಬೇಕು. ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಅದೇ ಸರ್ವೆ ನಂಬರಿನ ಕೈಬರಹದ ಪಹಣಿಯ ನಕಲುಗಳನ್ನು ಪಡೆಯಿರಿ. ಅವುಗಳಲ್ಲಿ ‘ಹನುಮಪ್ಪ’ ಇದ್ದು, ಸರ್ಕಾರದ ‘ಭೂಮಿ’ ತಂತ್ರಾಂಶಕ್ಕೆ ಏರಿಸುವಾಗ ‘ಹಣಮಪ್ಪ’ ಆಗಿದ್ದರೆ, ತಹಸೀಲ್ದಾರರಿಗೆ ತಿದ್ದುಪಡಿಯ ಅರ್ಜಿ ಕೊಟ್ಟು, ಜೊತೆಗೆ ವಂಶವೃಕ್ಷವನ್ನು ಲಗತ್ತಿಸಿ. ಹಳೆಯ ನಕಲುಗಳ ಮೇಲೆ ‘ರಾಯಚೂರು ಜಿಲ್ಲೆ’ ಎಂದಿದ್ದರೆ ಗಾಬರಿಯಾಗಬೇಡಿ, ಈಗ ಕೊಪ್ಪಳ ಜಿಲ್ಲೆಯವರಾದ ನಾವು 1997ರವರೆಗೆ ಆ ಜಿಲ್ಲೆಯಲ್ಲೇ ಇದ್ದೆವು. ಉರ್ದು ಕಾಗದದ ಮೂಲಪ್ರತಿಯನ್ನು ಮಾತ್ರ ಯಾರ ಕೈಗೂ ಕೊಡದೆ, ಅನುವಾದದೊಂದಿಗೆ ನಕಲನ್ನಷ್ಟೇ ಸಲ್ಲಿಸಿ.