ಹೆಸರಿಲ್ಲದ ಹೆಂಗಸರ ಕತೆಗಳು: ನಮ್ಮ ಓದಿನ ಕೂಟಕ್ಕೆ ಯಾವುದನ್ನು ಆರಿಸಲಿ?

ಡೊಂಬಿವಲಿಯಿಂದ, ಕೇಳಿದವರು:

ನಮಸ್ಕಾರ. ನಾವು ಡೊಂಬಿವಲಿಯ ಕೆಲವು ಹೆಂಗಸರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಕನ್ನಡ ಓದುತ್ತೇವೆ. ಊರು ಬಿಟ್ಟು ಬಂದ ಅಜ್ಜಿಯರಿದ್ದಾರೆ. ಇಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತ ಹುಡುಗಿಯರೂ ಇದ್ದಾರೆ. ಅವರಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಏನೇ ಇದ್ದರೂ ಗಟ್ಟಿಯಾಗಿ ಓದಿ ಹೇಳಬೇಕು.

ಮುಂದಿನ ಸಲಕ್ಕೆ ಒಂದು ವಿಷಯ ಇಟ್ಟುಕೊಂಡಿದ್ದೇವೆ: ಕತೆಯಲ್ಲಿ ಹೆಸರೇ ಇಲ್ಲದ, ಜೊತೆಗೆ ಯಾರೂ ಇಲ್ಲದ ಹೆಂಗಸರು. ನನಗೆ ತಕ್ಷಣ ಹೊಳೆದದ್ದು ಡಾಫ್ನಿ ಡು ಮೊರಿಯೆ ಬರೆದ 'ರೆಬೆಕಾ' (1938). ಕತೆ ಹೇಳುವವಳು ಆ ದೊಡ್ಡ ಮನೆಗೆ ಬಂದ ಎರಡನೇ ಹೆಂಡತಿ. ಕಾದಂಬರಿ ಮುಗಿದರೂ ಅವಳ ಹೆಸರು ನಮಗೆ ಗೊತ್ತಾಗುವುದಿಲ್ಲ. ಸತ್ತುಹೋದ ಮೊದಲನೆಯವಳ ಹೆಸರು ಮಾತ್ರ ಮುಖಪುಟದ ಮೇಲೇ ಇದೆ! ಇದನ್ನು ಹೇಳಿದ ಕೂಡಲೇ ಒಬ್ಬ ಅಜ್ಜಿ, "ಅದಕ್ಕೆ ಇಂಗ್ಲೆಂಡಿಗೆ ಯಾಕೆ ಹೋಗಬೇಕು? ನಮ್ಮಲ್ಲಿ ಇಲ್ವಾ?" ಅಂದುಬಿಟ್ಟರು.

ಇಂಥ ಓದು ನಡೆಸಿದವರು ದಯವಿಟ್ಟು ಹೇಳಿ. ಏನು ಆರಿಸಿದಿರಿ? ಮಾತು ಹೇಗೆ ಶುರು ಮಾಡಿದಿರಿ?

ಮುಲುಂಡ್‌ನಿಂದ:

ಅಜ್ಜಿಗೆ ನನ್ನ ವೋಟು. ನಾವು ಶುರು ಮಾಡಿದ್ದು 'ಹೂವಾದ ಹುಡುಗಿ'ಯಿಂದ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಜನಪದ ಕತೆ. ಗಟ್ಟಿಯಾಗಿ ಓದಲು ಇದಕ್ಕಿಂತ ಚೆನ್ನಾದದ್ದು ಸಿಗುವುದಿಲ್ಲ, ಯಾಕೆಂದರೆ ಅದು ಹೇಳಲೆಂದೇ ಇರುವ ಕತೆ.

ಮರೆತವರಿಗೆ ಚುಟುಕಾಗಿ ಹೇಳುತ್ತೇನೆ. ಬಡವರ ಮನೆಯ ಕಿರಿಮಗಳು. ಒಂದು ಕೊಡ ನೀರು ಸುರಿದರೆ ಅವಳು ಹೂವಿನ ಮರ. ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಕೊಯ್ಯುವಾಗ ಎಲೆಗೆ, ಚಿಗುರಿಗೆ ಪೆಟ್ಟಾಗಬಾರದು. ಅವಳನ್ನು ಮದುವೆಯಾದ ರಾಜಕುಮಾರನಿಗೂ ಬೇಕಾದದ್ದು ಆ ಹೂವೇ. ಆಮೇಲೆ ನಾದಿನಿ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಮರ ಮಾಡಿಸುತ್ತಾಳೆ. ಗೆಳತಿಯರೆಲ್ಲ ಸೇರಿ ಕೊಂಬೆ ರೆಂಬೆ ಮುರಿದು ಹೂ ಕೀಳುತ್ತಾರೆ, ಎರಡನೇ ಕೊಡವನ್ನು ಹೇಗೋ ಸುರಿದು ಓಡಿಹೋಗುತ್ತಾರೆ. ಹುಡುಗಿ ಪೂರ್ತಿ ವಾಪಸ್ ಬರುವುದಿಲ್ಲ. ಕೈಯಿಲ್ಲ, ಕಾಲಿಲ್ಲ. ಚರಂಡಿಯಲ್ಲಿ ಬಿದ್ದಿರುತ್ತಾಳೆ.

ನಾನು ಓದುವುದನ್ನು ಅಲ್ಲಿಗೆ ನಿಲ್ಲಿಸಿದೆ. "ಈಗ ಇವಳನ್ನು ಹುಡುಕುವವರು ಏನಂತ ಕೂಗಿ ಹುಡುಕುತ್ತಾರೆ?" ಅಂತ ಕೇಳಿದೆ. ಆಗಲೇ ಎಲ್ಲರಿಗೂ ಹೊಳೆದದ್ದು, ಇಷ್ಟು ಹೊತ್ತು ಕೇಳಿದ ಹುಡುಗಿಗೆ ಹೆಸರೇ ಇಲ್ಲ ಅಂತ. ಒಬ್ಬರು "ತಾಯಿಯಾದರೆ ಮಗಳೇ ಅಂತ ಕೂಗಬಹುದು" ಅಂದರು. ಪಕ್ಕದವರು "ತಾಯಿಗೆ ಸುದ್ದಿ ಮುಟ್ಟಿದರೆ ತಾನೇ" ಅಂದರು. ಮುಂದೆ ನಾನು ಬಾಯಿ ಬಿಡಬೇಕಾಗಲೇ ಇಲ್ಲ.

ಸಮಯವಿದ್ದರೆ 'ಚೆಲುವಿ' ಸಿನಿಮಾವನ್ನೂ ನೋಡಿ. ಇದೇ ಕತೆ, 1992ರಲ್ಲಿ ಗಿರೀಶ ಕಾರ್ನಾಡರು ಮಾಡಿದ್ದು. ಪುಣೆಯ ಸೋನಾಲಿ ಕುಲಕರ್ಣಿಯ ಮೊದಲ ಸಿನಿಮಾ ಅದು. ಕತೆಯಲ್ಲಿ ಇಲ್ಲದ ಹೆಸರು ಸಿನಿಮಾದಲ್ಲಿ ಬಂತು ನೋಡಿ.

ಅಂಧೇರಿಯಿಂದ:

ನಿಮ್ಮ 'ರೆಬೆಕಾ'ಗೂ ಹಾಗೇ ಆಗಿದೆ. ನಮ್ಮ ಬಾಂಬೆಯವರು 1964ರಲ್ಲಿ ಅದನ್ನು 'ಕೊಹ್ರಾ' ಅಂತ ತೆಗೆದಾಗ ವಹೀದಾ ರೆಹಮಾನ್‌ಗೆ ರಾಜೇಶ್ವರಿ ಅಂತ ಹೆಸರಿಟ್ಟರು. ತೆರೆಯ ಮೇಲೆ ಹೆಸರಿಲ್ಲದೆ ನಡೆಯುವುದಿಲ್ಲ ಅನಿಸುತ್ತದೆ.

ಠಾಣೆಯಿಂದ:

ಯಾಕೆ ನಡೆಯುವುದಿಲ್ಲ? ಹಿಚ್‌ಕಾಕ್ 1940ರಲ್ಲೇ 'ರೆಬೆಕಾ'ವನ್ನು ಅವಳಿಗೆ ಹೆಸರಿಡದೆ ತೆಗೆದು ತೋರಿಸಿದ್ದಾರೆ.

ಮುಲುಂಡ್‌ನವರೇ, ಕತೆ ಚೆನ್ನಾಗಿದೆ, ಆದರೆ ಒಂದು ತಕರಾರು. ಜನಪದ ಕತೆಯಲ್ಲಿ ಆ ರಾಜಕುಮಾರನಿಗೂ ಹೆಸರಿಲ್ಲ, ನಾದಿನಿಗೂ ಇಲ್ಲ. ಒಂದೂರಲ್ಲಿ ಒಬ್ಬ ರಾಜ ಅಂತಲೇ ಶುರುವಾಗುವ ಕಡೆ ಹೆಣ್ಣಿಗೆ ಮಾತ್ರ ಅನ್ಯಾಯವಾಯಿತು ಅನ್ನುವುದು ಹೇಗೆ? ನಾನಾದರೆ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗುತ್ತೇನೆ: ಅದೇ ಕತೆಯಲ್ಲಿ ಬೇರೆ ಯಾರಿಗೆ ಹೆಸರಿದೆ?

ಇನ್ನೊಂದು. ಹೆಸರಿದ್ದ ಮಾತ್ರಕ್ಕೆ ಜೊತೆಗೆ ಯಾರೋ ಇದ್ದಾರೆ ಅಂತಲ್ಲ. 'ಕೆರೆಗೆ ಹಾರ'ದ ಭಾಗೀರಥಿಯನ್ನು ಕನ್ನಡ ಓದಿದ ಯಾರೂ ಮರೆಯುವುದಿಲ್ಲ. ತನ್ನನ್ನು ಕೆರೆಗೆ ಕೊಡುತ್ತಾರೆ ಅಂತ ತಿಳಿದು ತವರಿಗೆ ಓಡುತ್ತಾಳೆ. ಅಪ್ಪನಿಗೆ ನಿಜ ಹೇಳಲು ಬಾಯಿ ಬರುವುದಿಲ್ಲ, ಅತ್ತೆಮನೆಯವರು ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಅಲ್ಲೂ ತಡೆಯುವವರಿಲ್ಲ. 'ನಾಗಮಂಡಲ' ನಾಟಕದಲ್ಲಿ ರಾಣಿ ಅನ್ನುವ ಹೆಸರಿನವಳೂ ಹಾಗೇ. ಗಂಡ ಹೊರಗಿನಿಂದ ಬೀಗ ಹಾಕಿಕೊಂಡು ಹೋದ ಮೇಲೆ ಹೆಸರಿದ್ದು ಏನು ಮಾಡಬೇಕು, ಕರೆಯುವವರೇ ಇಲ್ಲವಲ್ಲ. ನಿಮ್ಮ ವಿಷಯದಲ್ಲಿ ಎರಡು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ಬಿಡಿಸಿಕೊಂಡರೆ ಒಳ್ಳೆಯದು.

ಮಾಟುಂಗಾದಿಂದ, ನಿವೃತ್ತ ಮೇಷ್ಟ್ರು:

ಠಾಣೆಯವರ ಪ್ರಶ್ನೆಯನ್ನು ಮಹಾಭಾರತಕ್ಕೆ ಹಾಕಿ ನೋಡಿ ತಾಯಂದಿರಾ. ಮಕ್ಕಳಿಲ್ಲದ ವಿಧವೆ ರಾಣಿಯರಿಗೆ ಸಂತಾನ ಕೊಡಲು ವ್ಯಾಸರು ಬಂದಾಗ ಅಂಬಿಕೆ ಹೆದರಿ ಕಣ್ಣು ಮುಚ್ಚಿದಳು, ಮಗ ಕುರುಡನಾದ. ಅಂಬಾಲಿಕೆ ಬಿಳಿಚಿಕೊಂಡಳು, ಪಾಂಡು ಹುಟ್ಟಿದ. ಅತ್ತೆ ಸತ್ಯವತಿ ಇನ್ನೊಮ್ಮೆ ಹೋಗು ಅಂದಾಗ ಅಂಬಿಕೆ ತನ್ನ ಒಡವೆ ತೊಡಿಸಿ ದಾಸಿಯನ್ನು ಕಳಿಸಿದಳು. ಹೆದರದೆ ಆ ಮುನಿಯನ್ನು ಉಪಚರಿಸಿದವಳು ಅವಳೊಬ್ಬಳೇ. ಇನ್ನು ನೀನು ದಾಸಿಯಲ್ಲ ಅಂತ ವ್ಯಾಸರೇ ಹೇಳಿದರು. ಹುಟ್ಟಿದವನು ವಿದುರ, ಇಡೀ ಅರಮನೆಗೆ ಬುದ್ಧಿ ಹೇಳಿದವನು. ಮೂಲದಲ್ಲಿ ಅವಳ ಹೆಸರು ಮಾತ್ರ ಇಲ್ಲ.

ರಾಣಿಯರ ಪಾಡೂ ಅಷ್ಟಕ್ಕಷ್ಟೇ ಅನ್ನಿ. ಗಾಂಧಾರಿ, ಮಾದ್ರಿ, ಕೈಕೇಯಿ, ಎಲ್ಲ ತವರು ದೇಶದ ಗುರುತು.

ತಾಳಮದ್ದಳೆ, ಅಂದರೆ ಯಕ್ಷಗಾನದ ಪದ್ಯಕ್ಕೆ ಕೂತಲ್ಲೇ ಪಾತ್ರದ ಮಾತು ಕಟ್ಟಿ ಹೇಳುವ ಕಲೆ, ಗೊತ್ತಿರುವವರು ನಿಮ್ಮಲ್ಲಿದ್ದರೆ ಆ ದಾಸಿಯ ಪಾತ್ರಕ್ಕೆ ಅರ್ಥ ಹೇಳಿಸಿ. ಪದ್ಯದಲ್ಲಿ ಇಲ್ಲದ್ದನ್ನೂ ಅರ್ಥಧಾರಿ ಹೇಳಬಹುದಲ್ಲ. ನಮ್ಮಲ್ಲಿ ಒಬ್ಬ ತಾಯಿ ಆ ಒಡವೆಯ ಮಾತು ಎತ್ತಿದರು: "ಬೆಳಿಗ್ಗೆ ಎದ್ದು ಅವನ್ನು ವಾಪಸ್ ಕೊಡಬೇಕಾಯಿತೋ ಇಲ್ಲವೋ, ಅದನ್ನು ಯಾರೂ ಹೇಳಲಿಲ್ಲ." ನಾನು ಇಷ್ಟು ವರ್ಷ ಪಾಠ ಹೇಳಿದರೂ ಈ ಕೋನ ಕಂಡಿರಲಿಲ್ಲ.

ಪುಣೆಯಿಂದ:

ನಾವು ಓದಿದ್ದು ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಬರೆದ 'ದಿ ಯೆಲ್ಲೋ ವಾಲ್‌ಪೇಪರ್' (1892). ಸಣ್ಣ ಕತೆ. ನಮ್ಮಲ್ಲೊಬ್ಬರು ಕನ್ನಡದಲ್ಲಿ ಹೇಳುತ್ತಾ ಹೋದರು. ಹೆರಿಗೆಯಾದ ಹೆಂಗಸು, ಡಾಕ್ಟರ್ ಗಂಡ. ವಿಶ್ರಾಂತಿ ಬೇಕು ಅಂತ ಅವಳನ್ನು ಮಹಡಿಯ ಕೋಣೆಯಲ್ಲಿ ಇಡುತ್ತಾನೆ. ಕಿಟಕಿಗೆ ಸರಳು. ಬರೆಯಬಾರದು ಅನ್ನುತ್ತಾನೆ, ಇವಳು ಕದ್ದು ಬರೆಯುತ್ತಾಳೆ. ಗಂಡ ಜಾನ್, ನಾದಿನಿ ಜೆನ್ನಿ, ಎಲ್ಲರಿಗೂ ಹೆಸರಿದೆ. ಬರೆಯುವವಳು ಬರೀ 'ನಾನು'. ಕೊನೆಯಲ್ಲಿ ಒಂದು ಹೆಸರು ಸುಳಿಯುತ್ತದೆ, ಅದು ಅವಳದೇನಾ ಅಂತ ಇವತ್ತಿಗೂ ಜಗಳವಿದೆ. ಗಿಲ್ಮನ್‌ಗೆ ಸ್ವತಃ ಅಂಥದ್ದೇ ಚಿಕಿತ್ಸೆ ಆಗಿತ್ತು.

ಇದರ ಜೊತೆ ತ್ರಿವೇಣಿಯವರ 'ಶರಪಂಜರ' ಇಟ್ಟುಕೊಳ್ಳಿ. ಅಲ್ಲೂ ಬಾಣಂತನದಲ್ಲಿ ಬಂದ ಮನಸ್ಸಿನ ಕಾಯಿಲೆ. ಆದರೆ ಕಾವೇರಿಗೆ ಹೆಸರಿದೆ, ಊರೆಲ್ಲ ಆ ಹೆಸರು ಹಿಡಿದೇ ಆಡಿಕೊಳ್ಳುತ್ತದೆ. ಗುಣವಾಗಿ ಮನೆಗೆ ಬಂದವಳನ್ನು ಯಾರೂ ನಂಬುವುದಿಲ್ಲ. ಅಜ್ಜಿಯರಿಗೆ ಕಲ್ಪನಾ ಮಾಡಿದ 1971ರ ಸಿನಿಮಾ ನೆನಪಿರುತ್ತದೆ, ಅಲ್ವಾ? ಅಲ್ಲಿಂದ ಹಿಡಿದರೆ ಮಾತು ಸಲೀಸು.

ಒಂದು ಎಚ್ಚರಿಕೆ: ವಿಷಯ ಏನು ಅಂತ ಎಲ್ಲರಿಗೂ ಮೊದಲೇ ತಿಳಿಸಿ. ನಮ್ಮ ಕೂಟದಲ್ಲಿ ಇದನ್ನೇ ಅನುಭವಿಸಿದ ಹೊಸ ತಾಯಿ ಒಬ್ಬರಿದ್ದರು. ಮೊದಲೇ ಗೊತ್ತಿದ್ದರಿಂದ ಅವರು ಆ ತಿಂಗಳು ಬರಲಿಲ್ಲ. ಆಮೇಲೆ ತಾವೇ ಪುಸ್ತಕ ಕೇಳಿ ಓದಿದರು.

ಮಡಗಾಂವ್‌ನಿಂದ:

ಮಾತು ಪುಸ್ತಕದ ಆಚೆ ಹೋಗುತ್ತದೆ, ಅದಕ್ಕೂ ತಯಾರಿರಿ. ನಾವು ಜೀನ್ ರೀಸ್ ಬರೆದ 'ವೈಡ್ ಸರ್ಗಾಸೊ ಸೀ' (1966) ಬಗ್ಗೆ ಮಾತಾಡುತ್ತಿದ್ದೆವು. ಹಳೇ ಇಂಗ್ಲಿಷ್ ಕಾದಂಬರಿ 'ಜೇನ್ ಐರ್'ನಲ್ಲಿ ಅಟ್ಟದ ಮೇಲೆ ಕೂಡಿಹಾಕಿದ, ಬರ್ತಾ ಅನ್ನುವ ಹುಚ್ಚಿ ಹೆಂಡತಿ ಇದ್ದಾಳಲ್ಲ, ಅವಳ ಹಿಂದಿನ ಕತೆ. ಅವಳ ಹೆಸರು ಆಂಟ್ವನೆಟ್. ಬರ್ತಾ ಅಂತ ಕರೆಯಲು ಶುರು ಮಾಡಿದ್ದು ಗಂಡ.

ಅಷ್ಟು ಹೇಳಿದ್ದೇ ತಡ, ನಮ್ಮ ಕೊಂಕಣಿ ಮನೆಮಾತಿನ ಒಬ್ಬ ಅಕ್ಕ ತಮ್ಮ ಮದುವೆ ಹೇಳಿದರು. ತಟ್ಟೆಯಲ್ಲಿ ಅಕ್ಕಿ ಹರಡಿ ಇಟ್ಟರಂತೆ. ಯಜಮಾನರು ಉಂಗುರ ಹಿಡಿದು ಅದರಲ್ಲಿ ಹೊಸ ಹೆಸರು ಬರೆದರಂತೆ. ಅಕ್ಕಿ ಜರುಗಿ ಅಕ್ಷರ ಕೂಡಿಕೊಂಡು ಇವರಿಗೆ ಓದಲಿಕ್ಕೇ ಆಗಲಿಲ್ಲ, ಅತ್ತಿಗೆ ಓದಿ ಹೇಳಿದರಂತೆ. ತವರಿನಲ್ಲಿ ಇವತ್ತಿಗೂ ಹಳೇ ಹೆಸರು, ಬ್ಯಾಂಕಿನಲ್ಲಿ ಹೊಸದು, ಶಾಲೆಯ ಸರ್ಟಿಫಿಕೇಟಿನಲ್ಲಿ ಮತ್ತೆ ಹಳೆಯದು. ಆಧಾರ್ ಮಾಡಿಸುವಾಗ ಪಟ್ಟ ಪಾಡನ್ನು ನಗುನಗುತ್ತಾ ಹೇಳಿದರು. ಇನ್ನೊಬ್ಬರು "ನನಗೆ ಹೊಸ ಹೆಸರೇ ಇಷ್ಟ, ಹಳೆಯದು ಯಾರಿಗೆ ಬೇಕು" ಅಂದರು. ಅದೂ ಇರಲಿ, ಅವರನ್ನು ತಿದ್ದಲು ಹೋಗಬೇಡಿ.

ಆಮೇಲೆ ಪುಸ್ತಕದ ಕಡೆ ಯಾರೂ ತಿರುಗಲಿಲ್ಲ. ಅದಕ್ಕೇ ಇಂಥದ್ದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಎತ್ತಿದರೆ ಕತೆ ಓದುವುದು ಹಾಗೇ ಉಳಿಯುತ್ತದೆ.

ಡೊಂಬಿವಲಿಯಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಹೂವಾದ ಹುಡುಗಿ' ಓದಿ, ಮೇಷ್ಟ್ರು ಹೇಳಿದ ದಾಸಿಯ ಪ್ರಸಂಗಕ್ಕೆ ಹೋಗುತ್ತೇವೆ. ಠಾಣೆಯವರ ಪ್ರಶ್ನೆ ಎರಡಕ್ಕೂ ಹಾಕುತ್ತೇವೆ. 'ಶರಪಂಜರ' ಅದರ ಮುಂದಿನ ತಿಂಗಳು, ಅದಕ್ಕೆ ಪೂರ್ತಿ ಸಂಜೆ ಬೇಕು. 'ರೆಬೆಕಾ' ಸದ್ಯಕ್ಕೆ ನನ್ನ ಕಪಾಟಿನಲ್ಲೇ ಇರಲಿ, ಅಜ್ಜಿ ಗೆದ್ದರು. ರಾಮಾನುಜನ್ ಕತೆಯ ಕನ್ನಡ ಪುಸ್ತಕ ಯಾರ ಬಳಿಯಾದರೂ ಇದೆಯಾ? ಜೆರಾಕ್ಸ್ ಮಾಡಿಸಿ ವಾಪಸ್ ಕೊಡುತ್ತೇನೆ.

ಮುಲುಂಡ್‌ನಿಂದ:

ನನ್ನ ಬಳಿ ಇದೆ. ಭಾನುವಾರ ಠಾಣೆ ಸ್ಟೇಷನ್ನಿಗೆ ಬರುವುದಿದೆ, ಅಲ್ಲೇ ಸಿಗಿ. ಆದರೆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದನ್ನು ಓದಿ ನಗಬೇಡಿ.