ಸಹಾಯ ಬೇಕು: ಕಾರ್ಬೊನಿಲ್ ಪರಿವರ್ತನೆಗಳನ್ನು ಕನ್ನಡದಲ್ಲಿ ಹೇಳಿಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಸಿಂಧನೂರಿನವರು. ತಮ್ಮ ಸೆಕೆಂಡ್ ಪಿಯುಸಿ ಸೈನ್ಸ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ, ಅದರಲ್ಲೂ ಕಾರ್ಬೊನಿಲ್ (ಕಾರ್ಬನ್-ಆಕ್ಸಿಜನ್ ಡಬಲ್ ಬಾಂಡ್ ಇರುವ) ಸಂಯುಕ್ತಗಳಲ್ಲಿ, ‘ಇದರಿಂದ ಅದನ್ನು ಮಾಡಿ’ ಅನ್ನೋ ಪ್ರಶ್ನೆ ಬಂದರೆ ಸಾಕು, ಪೆನ್ನು ಕೆಳಗಿಡುತ್ತಾನೆ.

ಸದ್ಯದ ತಲೆನೋವು ಬೆಂಜೋಯಿಕ್ ಆಮ್ಲದಿಂದ ಬೆಂಜಾಲ್ಡಿಹೈಡ್ ಮಾಡೋದು. ನೋಟ್ಸ್‌ನಲ್ಲಿರೋದು ರೋಸೆನ್‌ಮುಂಡ್ ದಾರಿ. ಥಯೋನಿಲ್ ಕ್ಲೋರೈಡ್ ಹಾಕಿ ಬೆಂಜಾಯ್ಲ್ ಕ್ಲೋರೈಡ್ ಮಾಡಿಕೊಳ್ಳಬೇಕು, ಆಮೇಲೆ ಬೇರಿಯಂ ಸಲ್ಫೇಟ್ ಮೇಲಿನ ಪಲ್ಲಾಡಿಯಂ ಜೊತೆ ಹೈಡ್ರೋಜನ್ ಕೊಡಬೇಕು. ಬೇರಿಯಂ ಸಲ್ಫೇಟ್ ಹೀಗೆ ಪಲ್ಲಾಡಿಯಂನ ಚುರುಕು ತಗ್ಗಿಸದಿದ್ದರೆ ಆಲ್ಡಿಹೈಡ್ ಅಲ್ಲಿಗೇ ನಿಲ್ಲದೆ ಆಲ್ಕೋಹಾಲ್ ಆಗಿಬಿಡುತ್ತೆ. ಇಷ್ಟು ಅವನಿಗೆ ಗೊತ್ತು. ಅವನು ಕೇಳೋದು ಬೇರೆ: ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್‌ನಿಂದ ಸೀದಾ ಬೆಂಜೈಲ್ ಆಲ್ಕೋಹಾಲ್ ತನಕ ಹೋಗಿ, ಪಿಸಿಸಿ (ಪಿರಿಡಿನಿಯಂ ಕ್ಲೋರೋಕ್ರೋಮೇಟ್, ಆಲ್ಕೋಹಾಲನ್ನು ಆಲ್ಡಿಹೈಡ್ ತನಕ ಮಾತ್ರ ಆಕ್ಸಿಡೈಸ್ ಮಾಡೋದು) ಹಾಕಿ ಒಂದು ಹೆಜ್ಜೆ ವಾಪಸ್ ಬಂದರೆ ಪೂರ್ತಿ ಮಾರ್ಕ್ಸ್ ಸಿಗುತ್ತಾ? ಕೆಮಿಸ್ಟ್ರಿ ಪ್ರಕಾರ ತಪ್ಪೇನಿಲ್ಲ ಅಲ್ವಾ? ಪೇಪರ್ ತಿದ್ದಿದ ಅನುಭವ ಇರುವವರು ಹೇಳಿ.

ಇನ್ನೊಂದು. ಬೆಂಜಾಲ್ಡಿಹೈಡ್, ಅಸಿಟಾಲ್ಡಿಹೈಡ್ ಎರಡನ್ನೂ ಸೇರಿಸಿ ತೆಳು ಕ್ಷಾರ ಹಾಕಿದರೆ ಸಿನ್ನಮಾಲ್ಡಿಹೈಡ್ ಬರುತ್ತೆ. ನಮ್ಮ ಪಲಾವಿನ ಚಕ್ಕೆಯ ಘಮ ಇದರದ್ದೇ ಅಂತ ಹೇಳಿದ ಮೇಲೆ ಹುಡುಗನಿಗೆ ಆಸಕ್ತಿ ಹುಟ್ಟಿದೆ! ಇದರ ಡಬಲ್ ಬಾಂಡ್ ಮುಟ್ಟದೆ ಆಲ್ಡಿಹೈಡ್ ಭಾಗವನ್ನು ಮಾತ್ರ ಆಲ್ಕೋಹಾಲ್ ಮಾಡಲು ಸೋಡಿಯಂ ಬೋರೋಹೈಡ್ರೈಡ್ ಬರೆದರೆ ಸಾಕಾ?

ಬಾಯಿಪಾಠದ ಚಾರ್ಟ್ ಬೇಡ, ಅವು ಬೇಕಾದಷ್ಟಿವೆ. ಯಾಕೆ ಹಾಗಾಗುತ್ತೆ ಅಂತ ಬಿಡಿಸಿ ಹೇಳುವವರು ಬೇಕು. ಸಿಂಧನೂರು, ಮಾನ್ವಿ, ರಾಯಚೂರು ಕಡೆಯವರಾದರೆ ಭಾನುವಾರ ನಾವೇ ಬರುತ್ತೇವೆ. ಫೀಸ್ ಎಷ್ಟು ಅಂತಾನೂ ತಿಳಿಸಿ.